ಮೂವತ್ತು ಅಡಿ ರಸ್ತೆಯಲ್ಲಿ ಮಕ್ಕಳ ಪಾಠ

ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆ. ಮೂವತ್ತು ಅಡಿ ಅಗಲದ ಅಡ್ಡರಸ್ತೆಯ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಚಿತ್ರ, ಚೆಸ್ಸು, ಕಥೆ ಓದು ಕಲಿಸುವ ತರಗತಿ ನಡೆಯುತ್ತದೆ. ವಸತಿ ವಲಯದಲ್ಲಿ ವಾಣಿಜ್ಯ ಚಟುವಟಿಕೆ ಎಂದು ಅದಕ್ಕೆ ನೋಟಿಸು ಬಂದಿದೆ. ದೂರಿಗೆ ಸಹಿ ಹಾಕಿದವರಲ್ಲಿ ನಗರ ಯೋಜನೆಯ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತರಗತಿ ನಡೆಸುವ ಟೀಚರ್ ನೇರವಾಗಿ ಅವರ ಮನೆಗೇ ಹೋಗಿ ಮಾತಿಗೆ ಕೂತರು. ಇಂಥ ತಕರಾರು ಈಗ ಎಷ್ಟೋ ಬಡಾವಣೆಗಳಲ್ಲಿದೆ. ಮಕ್ಕಳ ವಿಷಯ ಬಿಟ್ಟು ಮಿಕ್ಕೆಲ್ಲ ಅಲ್ಲಿ ಚರ್ಚೆಯಾಗುತ್ತದೆ ಎಂಬುದು ನನ್ನ ಸಂಕಟ. ಅದಕ್ಕೇ ಈ ಮಾತುಕತೆಯನ್ನು ಬರೆದಿಡುತ್ತಿದ್ದೇನೆ.

ಟೀಚರ್: ಸರ್, ನೋಟಿಸು ಬಂತು. ಸಮಜಾಯಿಷಿ ಕೊಡಿ, ಇಲ್ಲಾಂದ್ರೆ ಬೀಗ ಹಾಕ್ತೀವಿ ಅಂತ ಬರೆದಿದಾರೆ. ದೂರಿನಲ್ಲಿ ನಿಮ್ಮ ಸಹಿನೂ ಇದೆ ಅಂತ ಕೇಳಿದೆ.

ಹಿರಿಯರು: ಇದೆಯಮ್ಮಾ. ಮುಚ್ಚಿಡೋದೇನೂ ಇಲ್ಲ. ಕೂತ್ಕೊಳ್ಳಿ. ನಿಮ್ಮ ಮೇಲಿನ ಸಿಟ್ಟಿಗೆ ಹಾಕಿದ್ದಲ್ಲ ಅದು. ಸಂಜೆ ನಾಲ್ಕೂವರೆಗೆ ನಮ್ಮ ರಸ್ತೆ ಹೇಗಿರುತ್ತೆ ಅಂತ ದಿನಾ ನೋಡ್ತೀರಲ್ಲ. ಶಾಲೆ ವ್ಯಾನು ಹಿಂದಕ್ಕೆ ತಗೋತಿರುತ್ತೆ, ಅದರ ಹಿಂದೆ ಆಟೊ, ಎರಡೂ ಕಡೆ ಸ್ಕೂಟರು. ಎದುರುಮನೆಯವರಿಗೆ ಡಯಾಲಿಸಿಸ್ ಇದೆ. ಅವರ ಕಾರು ಗೇಟು ದಾಟೋಕಾಗದೆ ನಿಂತಿದ್ದನ್ನ ನಾನೇ ನೋಡಿದೀನಿ.

ಟೀಚರ್: ಅದು ನನಗೂ ಗೊತ್ತು ಸರ್. ಗೇಟಿನ ಮುಂದೆ ನಿಲ್ಲಿಸಬೇಡಿ ಅಂತ ಪೋಷಕರಿಗೆ ಹೇಳ್ತಾನೇ ಇರ್ತೀನಿ. ಆದರೆ ಒಂದು ಕೇಳ್ತೀನಿ. ನಮ್ಮ ಪಕ್ಕದ ಮನೆ ಕೆಳಗೆ ವಕೀಲರ ಆಫೀಸಿದೆ. ಕಕ್ಷಿದಾರರ ಕಾರುಗಳು ರಾತ್ರಿ ಒಂಬತ್ತರವರೆಗೂ ನಿಂತಿರುತ್ತವೆ. ಅವರಿಗೆ ನೋಟಿಸಿಲ್ಲ.

ಹಿರಿಯರು: ಅವರಿಗೆ ಬರೋದೂ ಇಲ್ಲ. 2007ರಲ್ಲಿ ಒಪ್ಪಿಗೆ ಸಿಕ್ಕ ಮಹಾಯೋಜನೆ ಇದೆಯಲ್ಲ, 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಅಂತೀವಿ, ಇವತ್ತಿಗೂ ಊರು ನಡೀತಿರೋದು ಅದರ ಮೇಲೇ. ಅದರಲ್ಲಿ ವಕೀಲರು, ವೈದ್ಯರು ಇಂಥ ವೃತ್ತಿಯವರು ಸ್ವಂತ ಕಟ್ಟಡದಲ್ಲಿ 50 ಚದರ ಮೀಟರ್ ಮೀರದಂತೆ ಆಫೀಸೋ ಕ್ಲಿನಿಕ್ಕೋ ಇಟ್ಕೋಬಹುದು. ವಕೀಲರದು ಸ್ವಂತ ಮನೆ, ನಿಮ್ಮದು ಬಾಡಿಗೆ. ಅದೂ ಅಲ್ಲದೆ ನಿಮ್ಮದನ್ನ ವೃತ್ತಿ ಅಂತ ಯಾರೂ ಬರೆದುಕೊಂಡಿಲ್ಲ, ವ್ಯಾಪಾರ ಅಂತ ಬರೆದುಕೊಂಡಿದಾರೆ.

ಟೀಚರ್: ಅಂದರೆ ಮನೆ ಇದ್ದವರಿಗೆ ಮಾತ್ರ ವೃತ್ತಿ?

ಹಿರಿಯರು: ಅದರ ಹಿಂದೆ ಒಂದು ಲೆಕ್ಕ ಇತ್ತು. ಸ್ವಂತ ಮನೆಯವನು ತಾನೂ ಅಲ್ಲೇ ಇರೋದ್ರಿಂದ ಬೀದಿಯನ್ನ ಕೆಡಿಸಲ್ಲ, ಬಾಡಿಗೆಗೆ ಬಿಟ್ಟರೆ ಇಡೀ ಮನೆಯೇ ಅಂಗಡಿಯಾಗುತ್ತೆ ಅಂತ. ಅರ್ಧ ನಿಜ, ಅರ್ಧ ಅನ್ಯಾಯ. ಆದರೆ ವಲಯ ಅನ್ನೋದೇ ಬೇಡ ಅಂತ ಮಾತ್ರ ಹೇಳಬೇಡಿ. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದದ್ದು ಯಾವಾಗ? 1898ರಲ್ಲಿ ಪ್ಲೇಗು ಬಂದು ಪೇಟೆ ನಲುಗಿದ ಮೇಲೆ. ಗಾಳಿ, ಬೆಳಕು, ಅಗಲ ರಸ್ತೆ ಬೇಕು ಅಂತ ಜನ ಪೇಟೆ ಬಿಟ್ಟು ಬಂದರು. ಆಮೇಲೆ ಆ ಬಡಾವಣೆಗಳನ್ನ ಉಳಿಸ್ಕೊಂಡಿದ್ದೂ ಜನವೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನ ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೂ ಹೋದರು. 1991ರಲ್ಲಿ ತೀರ್ಪು ಅವರ ಕಡೆ ಬಂತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ಇವತ್ತಿಗೂ ದೇಶದ ಎಲ್ಲ ಕೋರ್ಟುಗಳಲ್ಲೂ ಹೇಳ್ತಾರೆ. ಆಸ್ಪತ್ರೆ ಒಳ್ಳೆಯದಲ್ಲ ಅಂತಲ್ಲ, ಪಾರ್ಕಿನ ಜಾಗದಲ್ಲಿ ಬೇಡ ಅಂತ. 2011ರಲ್ಲಿ ನೋಯ್ಡಾದ ವಸತಿ ಸೆಕ್ಟರುಗಳಿಂದ ಬ್ಯಾಂಕು, ನರ್ಸಿಂಗ್ ಹೋಮುಗಳನ್ನ ಎಬ್ಬಿಸಿದ್ದೂ ಅದೇ ನ್ಯಾಯದ ಮೇಲೆ.

ಟೀಚರ್: ಪಾರ್ಕಿಗೂ ನನ್ನ ಎರಡು ಕೋಣೆಗೂ ಹೋಲಿಕೆ ಎಲ್ಲಿ ಸರ್? ನಾನು ಯಾರ ಜಾಗವನ್ನೂ ಕಿತ್ಕೊಂಡಿಲ್ಲ. ಈ ಬಡಾವಣೆಯಲ್ಲೇ ಹುಟ್ಟಿ ಬೆಳೆದವರು ನೀವು. ನಿಮ್ಮ ಅಕ್ಕ ಸಂಗೀತ ಕಲಿತದ್ದು ಎಲ್ಲಿ?

ಹಿರಿಯರು: ಮೂರನೇ ಅಡ್ಡರಸ್ತೆಯಲ್ಲಿ, ಒಬ್ಬರು ಅಮ್ಮನವರ ಮನೆ ಹಜಾರದಲ್ಲಿ. ಬೆಳಗ್ಗೆ ಶ್ರುತಿ ಪೆಟ್ಟಿಗೆ ಸದ್ದು ಇಡೀ ಬೀದಿಗೆ ಕೇಳೋದು. ಯಾರೂ ದೂರು ಕೊಡಲಿಲ್ಲ. ನೀವು ಕೇಳೋದು ಅರ್ಥವಾಗುತ್ತೆ. ಆದರೆ ಅಲ್ಲಿಗೆ ಹೋಗ್ತಿದ್ದ ಹುಡುಗಿಯರೆಲ್ಲ ನಡೆದು ಹೋಗ್ತಿದ್ದರು. ಒಂದು ಸಲಕ್ಕೆ ಐದಾರು ಜನ. ನಿಮ್ಮಲ್ಲಿ ಎಷ್ಟು?

ಟೀಚರ್: ಒಂದು ತಂಡಕ್ಕೆ ಹದಿನೈದು. ದಿನಕ್ಕೆ ಎರಡು ತಂಡ. ಆ ಸಂಗೀತ ಕಲಿಸಿದ ಅಮ್ಮನ ಕಾಲದಲ್ಲಿ ಮಕ್ಕಳು ಶಾಲೆಯಿಂದ ಬಂದರೆ ಮನೇಲಿ ಅಜ್ಜಿ ಇರ್ತಿದ್ದರು. ಈಗ ಶಾಲೆ ಮೂರೂವರೆಗೆ ಬಿಡುತ್ತೆ, ಅಪ್ಪ ಅಮ್ಮ ಆಫೀಸಿಂದ ಬರೋದು ಏಳೂವರೆಗೆ, ಹೊರವರ್ತುಲ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಎಂಟೂವರೆ. ಆ ನಾಲ್ಕು ಗಂಟೆ ಮಗು ಎಲ್ಲಿರಬೇಕು? ನನ್ನ ಹತ್ತಿರ ಬರೋರಲ್ಲಿ ಒಬ್ಬಳು ಇದೇ ಬೀದಿಯಲ್ಲಿ ಮನೆಗೆಲಸ ಮಾಡೋ ಅಮ್ಮನ ಮಗಳು. ಅವಳಿಂದ ನಾನು ಫೀಸು ತಗೊಳ್ಳಲ್ಲ. ಬಂದ ಹೊಸದರಲ್ಲಿ ಬಣ್ಣದ ಡಬ್ಬಿ ಮುಟ್ಟೋಕೂ ಹೆದರ್ತಿದ್ದಳು. ಈಗ ದೊಡ್ಡ ಹಾಳೆ ನೆಲದ ಮೇಲೆ ಹಾಸಿ, ಮೊಣಕಾಲೂರಿ ಕೂತು, ಅಂಚಿನಿಂದ ಅಂಚಿಗೆ ಬಳೀತಾಳೆ. ಆಕಾಶಕ್ಕೆ ನೀಲಿ ಹಾಕಲ್ಲ, ಯಾವಾಗಲೂ ಕಿತ್ತಳೆ. ಯಾಕೆ ಅಂದರೆ ಅಮ್ಮ ಕರ್ಕೊಂಡು ಹೋಗೋ ಹೊತ್ತಿಗೆ ಹಂಗೇ ಇರುತ್ತೆ ಮಿಸ್ ಅಂತಾಳೆ. ಬೀಗ ಬಿದ್ದರೆ ಅವಳು ಅಮ್ಮ ಪಾತ್ರೆ ತೊಳೆಯೋ ಮನೆಗಳ ಹಿತ್ತಿಲಲ್ಲಿ ಕೂತಿರ್ತಾಳೆ ಅಷ್ಟೆ.

ಹಿರಿಯರು: ಅದು ಯಾರಿಗೂ ಬೇಡಮ್ಮಾ.

ಟೀಚರ್: ಬೇಡ ಅಂದರೆ ಎಲ್ಲಿಗೆ ಹೋಗಲಿ, ಹೇಳಿ. ನೋಟಿಸಿನ ಪ್ರಕಾರ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ಪರವಾನಗಿ ಇಲ್ಲ. ಅಂದರೆ 40 ಅಡಿ ರಸ್ತೆಗೆ, ಇಲ್ಲಾ ಮುಖ್ಯರಸ್ತೆಗೆ ಹೋಗಬೇಕು. ಅಲ್ಲಿ ಬಸ್ಸು ಓಡಾಡುತ್ತೆ, ಫುಟ್‌ಪಾತು ಒಂದು ಕಡೆ ಕಿತ್ತುಹೋಗಿದೆ, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರು. ಆರು ವರ್ಷದ ಮಗು ಅಲ್ಲಿ ರಸ್ತೆ ದಾಟಬೇಕು. ಬಾಡಿಗೆ ಅಂತೂ ದುಪ್ಪಟ್ಟಿಗಿಂತ ಹೆಚ್ಚು. ಆಗ ಫೀಸು ಏರಿಸಬೇಕು, ಏರಿಸಿದರೆ ಕಾರಿನಲ್ಲಿ ಬರೋ ಮಕ್ಕಳು ಮಾತ್ರ ಉಳೀತಾರೆ. ನಡೆದು ಬರೋ ಮಕ್ಕಳನ್ನ ಕಳಿಸಿ ಕಾರಿನಲ್ಲಿ ಬರೋರನ್ನ ಉಳಿಸ್ಕೊಳ್ಳೋ ನಿಯಮದಿಂದ ನಿಮ್ಮ ಟ್ರಾಫಿಕ್ಕು ಕಮ್ಮಿಯಾಗುತ್ತಾ ಸರ್?

ಹಿರಿಯರು: ಇಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ನಲವತ್ತು ಅಡಿ ಆಕಾಶದಿಂದ ಉದುರಿದ್ದಲ್ಲ, ಅದರ ಕಥೆ ನಿಮಗೆ ಗೊತ್ತಿರಬೇಕು. ಆ ಮಹಾಯೋಜನೆ ವಸತಿ ಬೀದಿಗಳಲ್ಲಿ ವ್ಯಾಪಾರ ಬೆರೆಯೋದಕ್ಕೆ ಬಾಗಿಲು ತೆಗೀತು. ಇಂದಿರಾನಗರ, ಕೋರಮಂಗಲದಲ್ಲಿ ಮನೆಗಳು ಪಬ್ಬಾದವು, ಶೋರೂಮಾದವು. ನಿವಾಸಿ ಸಂಘಗಳು ಹೈಕೋರ್ಟಿಗೆ ಹೋದವು. ರಸ್ತೆ ಅಗಲ ನೋಡಿ ಅಳೆಯೋ ಪದ್ಧತಿ ಬಿಗಿಯಾಗಿದ್ದು ಆ ಹೋರಾಟದಿಂದ. ಇಂಜಿನಿಯರಿಗೂ ಅದು ಸುಲಭ. ಟೇಪು ಹಿಡಿದರೆ ಮುಗೀತು, ವಾದ ಇಲ್ಲ, ಲಂಚಕ್ಕೆ ಜಾಗ ಕಮ್ಮಿ. ಪಬ್ಬನ್ನ ತಡೆಯೋಕೆ ಕಟ್ಟಿದ ಬೇಲಿ ಅದು. ಅದರೊಳಗೆ ನಿಮ್ಮಂಥವರೂ ಸಿಕ್ಕಿಹಾಕಿಕೊಂಡಿರಿ.

ಟೀಚರ್: ಸಿಕ್ಕಿಹಾಕಿಕೊಂಡವರನ್ನ ಬಿಡಿಸೋರು ಯಾರು? ವಾರ್ಡಿನ ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ ಕಾರ್ಪೊರೇಟರೇ ಇಲ್ಲ.

ಹಿರಿಯರು: ಇದೇ ನೋಡಿ ನನ್ನ ಹೊಟ್ಟೆ ಉರಿಸೋ ವಿಷಯ. ಪಾಲಿಕೆ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅದಾಗಿ ಐದು ವರ್ಷ ತುಂಬಿದರೂ ಚುನಾವಣೆ ಆಗಲಿಲ್ಲ. ಅಷ್ಟರಲ್ಲಿ ಪಾಲಿಕೆಯನ್ನೇ ಒಡೆದರು, 2025ರ ಸೆಪ್ಟೆಂಬರ್ 2ರಿಂದ ಐದು ನಗರ ಪಾಲಿಕೆಗಳಾದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬೇರೆ ಕೆಲವು ದೇಶಗಳಲ್ಲಿ ಇಂಥ ವಿವಾದ ಬಂದರೆ ಕೌನ್ಸಿಲ್ ಸಭೆ ಕರೀತಾರೆ. ತರಗತಿ ನಡೆಸೋರು ಬರ್ತಾರೆ, ಪಕ್ಕದ ಮನೆಯವರು ಬರ್ತಾರೆ, ತಾಯಂದಿರು ಬರ್ತಾರೆ. ಎಲ್ಲರ ಮಾತು ಕೇಳಿ, ಇಷ್ಟೇ ಮಕ್ಕಳು, ಇಷ್ಟು ಗಂಟೆಯವರೆಗೆ, ವಾಹನ ಇಂಥ ಕಡೆ ಅಂತ ಷರತ್ತು ಹಾಕಿ ಬಿಡ್ತಾರೆ. ನಮ್ಮಲ್ಲಿ ಕೇಳೋ ಕುರ್ಚಿಯೇ ಖಾಲಿ. ಕುರ್ಚಿ ಖಾಲಿ ಇದ್ದಾಗ ನಿವಾಸಿಗಳಿಗೆ ಉಳಿಯೋದು ದೂರು, ಅಧಿಕಾರಿಗಳಿಗೆ ಉಳಿಯೋದು ನೋಟಿಸು.

ಟೀಚರ್: ತೆರಿಗೆ ತಗೊಳ್ಳೋವಾಗ ಮಾತ್ರ ಎಲ್ಲರೂ ಇರ್ತಾರೆ. ನಮ್ಮ ಓನರು ಈ ಮಹಡಿಗೆ ವಸತಿಯೇತರ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದಾರೆ, ರಸೀದಿ ಇದೆ. ಕರೆಂಟು ಬಿಲ್ಲೂ ವಾಣಿಜ್ಯ ದರದ್ದು.

ಹಿರಿಯರು: ತೆರಿಗೆ ಕಟ್ಟಿದ ಮಾತ್ರಕ್ಕೆ ಬಳಕೆ ಸಕ್ರಮ ಆಗಲ್ಲಮ್ಮಾ. ಸಮಜಾಯಿಷಿಯಲ್ಲಿ ಅದನ್ನ ಮುಂದೆ ಮಾಡಬೇಡಿ, ನಿಲ್ಲಲ್ಲ. ಈಗ ನನ್ನದೊಂದು ಪ್ರಶ್ನೆ. ನಿಮ್ಮ ಮಹಡಿಗೆ ಹತ್ತೋಕೆ ಎಷ್ಟು ಮೆಟ್ಟಿಲ ದಾರಿ ಇದೆ?

ಟೀಚರ್: ಒಂದೇ. ಹೊರಗಡೆಯಿಂದ, ಕಬ್ಬಿಣದ್ದು. ಯಾಕೆ?

ಹಿರಿಯರು: ಅಗಲ?

ಟೀಚರ್: ಇಬ್ಬರು ಮಕ್ಕಳು ಜೊತೆಗೆ ಇಳಿಯೋದು ಕಷ್ಟ. ಒಬ್ಬೊಬ್ಬರೇ ಇಳೀತಾರೆ. ಮೇಲೆ ಬಾಗಿಲ ಹತ್ತಿರ ಚಪ್ಪಲಿ ಬಿಡೋ ಕಪಾಟಿದೆ. ಬಾಲ್ಕನಿಗೆ ಓನರು ಗ್ರಿಲ್ ಹಾಕಿಸಿದಾರೆ, ಮಕ್ಕಳು ಬೀಳಬಾರದು ಅಂತ.

ಹಿರಿಯರು: ಕೆಳಗೆ ಏನಿದೆ?

ಟೀಚರ್: ಓನರ ಮಗಂದು ಬ್ಯಾಟರಿ ಸ್ಕೂಟರು. ಮೆಟ್ಟಿಲ ಬುಡದಲ್ಲೇ ಚಾರ್ಜಿಗೆ ಹಾಕ್ತಾರೆ. ಅದರ ಪಕ್ಕ ಮೀಟರ್ ಬೋರ್ಡು.

ಹಿರಿಯರು: 2019ರ ಮೇ 24, ಸೂರತ್. ತಕ್ಷಶಿಲಾ ಅಂತ ಕಟ್ಟಡ. ಮೇಲಿನ ಮಹಡಿಯಲ್ಲಿ ಮಕ್ಕಳ ಕೋಚಿಂಗ್ ಕ್ಲಾಸು. ಕೆಳಗಿಂದ ಬೆಂಕಿ ಬಂತು, ಮೆಟ್ಟಿಲು ಬೆಂಕಿಗೆ ಸಿಕ್ಕಿತು, ಮಕ್ಕಳು ಕಿಟಕಿಯಿಂದ ಹಾರಿದರು. ಟಿವಿಯಲ್ಲಿ ನೀವೂ ನೋಡಿರ್ತೀರಿ. 22 ಜನ ಹೋದರು. 2004ರ ಕುಂಭಕೋಣ ನೆನಪಿದೆಯಾ? ಶಾಲೆಯ ಅಡುಗೆಮನೆಯಿಂದ ಹತ್ತಿದ ಬೆಂಕಿ, ಮಹಡಿಯಲ್ಲಿ ಕೂತ ಪುಟ್ಟ ಮಕ್ಕಳು, ಕಿರಿದಾದ ಮೆಟ್ಟಿಲು, 94 ಮಕ್ಕಳು. 2024ರ ಜುಲೈನಲ್ಲಿ ದೆಹಲಿಯಲ್ಲಿ, ಸಾಮಾನು ಇಡೋಕೆ ಅಂತ ಅನುಮತಿ ಪಡೆದ ನೆಲಮಾಳಿಗೆಯನ್ನ ಗ್ರಂಥಾಲಯ ಮಾಡಿದ್ದರು. ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಈ ಮೂರು ಕಡೆಯೂ ಮುಂದಿನ ರಸ್ತೆ ಎಷ್ಟು ಅಗಲ ಇತ್ತು ಅನ್ನೋದರಿಂದ ಒಂದು ಮಗುವೂ ಉಳೀತಿರಲಿಲ್ಲ.

ಟೀಚರ್: ...ನೋಟಿಸು ಕೈಯಲ್ಲೇ ಇದೆ ಸರ್. ರಸ್ತೆಯ ಅಗಲ ಇದೆ, ಕಟ್ಟಡದ ನಂಬರಿದೆ, ಕಾಯ್ದೆಯ ಕಲಮುಗಳಿವೆ. ಮೆಟ್ಟಿಲ ಬಗ್ಗೆ ಒಂದು ಸಾಲಿಲ್ಲ. ಬಂದವರು ಕೆಳಗಿಂದಲೇ ಫೋಟೊ ತೆಗೆದುಕೊಂಡು ಹೋದರು. ಮೇಲೆ ಹತ್ತಲಿಲ್ಲ.

ಹಿರಿಯರು: ಹತ್ತಬೇಕು ಅಂತ ನಿಯಮ ಕೇಳಿದರೆ ತಾನೆ ಹತ್ತೋದು. ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸ್ತು. ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ, ಅಗ್ನಿ ಸುರಕ್ಷತೆ, ಇನ್ನೂ ಏನೇನೋ ಒಳ್ಳೆಯ ಮಾತಿದೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಮಾತ್ರ ಅನ್ವಯ. ಜೊತೆಗೆ ಕ್ರೀಡೆ, ನೃತ್ಯ, ರಂಗಕಲೆ, ಇತರ ಸೃಜನಶೀಲ ಚಟುವಟಿಕೆ ಇದರಲ್ಲಿ ಸೇರಲ್ಲ ಅಂತ ವ್ಯಾಖ್ಯೆಯಲ್ಲೇ ಬಿಟ್ಟಿದಾರೆ. ಐಐಟಿಗೆ ಓದೋ ಹದಿನೇಳು ವರ್ಷದ ಹುಡುಗನಿಗೆ ನಿಯಮ ಇದೆ, ಚಿತ್ರ ಬರೆಯೋ ಆರು ವರ್ಷದ ಮಗುವಿಗೆ ಇಲ್ಲ. ವಲಯ ನಿಯಮ ರಸ್ತೆ ನೋಡುತ್ತೆ, ಕೋಚಿಂಗ್ ನಿಯಮ ನಿಮ್ಮನ್ನ ನೋಡೋದೇ ಇಲ್ಲ. ನಾನು ಇಲಾಖೆಯಲ್ಲಿದ್ದವನು, ಇದನ್ನ ಗಟ್ಟಿಯಾಗಿ ಹೇಳ್ತೀನಿ: ಮಕ್ಕಳ ತರಗತಿಯನ್ನ ಅಳೆಯೋದಾದರೆ ಮಕ್ಕಳ ಸಂಖ್ಯೆ, ಕೂರೋ ಜಾಗ, ಹೊರಬರೋ ದಾರಿ, ವಾಹನ ನಿಲ್ಲೋ ಜಾಗ, ಸಮಯ, ಈ ಐದನ್ನ ಅಳೀಬೇಕು. ರಸ್ತೆ ಅಗಲ ಆಮೇಲಿನ ಮಾತು.

ಟೀಚರ್: ಹಾಗೆ ಅಳೆಯೋ ಊರು ಎಲ್ಲಾದರೂ ಇದೆಯಾ?

ಹಿರಿಯರು: ಜಪಾನಿನಲ್ಲಿ ಇದೆ. ತಗ್ಗು ಮನೆಗಳೇ ಇರಬೇಕಾದ ಅತಿ ಕಟ್ಟುನಿಟ್ಟಿನ ವಸತಿ ವಲಯ ಒಂದಿದೆ ಅಲ್ಲಿ. ಬರೀ ಅಂಗಡಿಗೆ ಅಂತ ಕಟ್ಟಡ ಕಟ್ಟೋಕೆ ಬಿಡಲ್ಲ. ಆದರೆ ಕಟ್ಟಡದ ಕನಿಷ್ಠ ಅರ್ಧ ಭಾಗ ವಾಸಕ್ಕಿದ್ದು, ಮಿಕ್ಕದ್ದು 50 ಚದರ ಮೀಟರ್ ಮೀರದಿದ್ದರೆ, ಮನೆಪಾಠ, ಹೂ ಜೋಡಿಸೋ ತರಗತಿ, ಗೋ ಆಟದ ತರಗತಿ ನಡೆಸಬಹುದು ಅಂತ ನಿಯಮದಲ್ಲೇ ಹೆಸರಿಟ್ಟು ಬರೆದಿದಾರೆ. ಗದ್ದಲದ ವ್ಯಾಪಾರ ಬೇರೆ, ನೆರೆಹೊರೆಯ ಮಕ್ಕಳ ಪಾಠ ಬೇರೆ ಅಂತ ಕಾನೂನಿಗೇ ಗೊತ್ತಿದೆ. ನಮ್ಮಲ್ಲಿ ಪಬ್ಬಿಗೂ ಪಾಠಕ್ಕೂ ಒಂದೇ ಟೇಪು.

ಟೀಚರ್: ಹಾಗಿದ್ದರೆ ನೀವು ದೂರಿಗೆ ಯಾಕೆ ಸಹಿ ಹಾಕಿದಿರಿ? ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು.

ಹಿರಿಯರು: ಐದನೇ ಅಡ್ಡರಸ್ತೆಯಲ್ಲಿ ಇಡೀ ಮನೆಯನ್ನ ಬಾಡಿಗೆಗೆ ತಗೊಂಡು ನೂರಾರು ಮಕ್ಕಳನ್ನ ಸೇರಿಸ್ಕೊಂಡಿದಾರಲ್ಲ, ಅದರ ಮೇಲೂ ಅದೇ ದೂರು. ನಿಮ್ಮದನ್ನ ಬಿಟ್ಟು ಅವರದಕ್ಕೆ ಮಾತ್ರ ಕೊಟ್ಟರೆ ಪಕ್ಷಪಾತ ಆಗುತ್ತೆ ಅಂತ ನಮ್ಮ ಬಡಾವಣೆಯ ನಿವಾಸಿ ಸಂಘದಲ್ಲಿ ತೀರ್ಮಾನ ಆಯ್ತು. ಅದು ಇವತ್ತಿಗೂ ಸರಿ ಅಂತಲೇ ನನ್ನ ಅಭಿಪ್ರಾಯ. ಅವರದನ್ನ ಆ ಬೀದಿ ತಡ್ಕೊಳ್ಳಲ್ಲ.

ಟೀಚರ್: ಅಲ್ಲಿ ನನ್ನ ಗೆಳತಿ ಕೆಲಸ ಮಾಡ್ತಾಳೆ. ಮುಚ್ಚಿದರೆ ಅವಳ ಸಂಬಳ ಹೋಗುತ್ತೆ. ಅದನ್ನ ಸರಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ.

ಹಿರಿಯರು: ಹೇಳಿಸಲ್ಲ. ಅಲ್ಲಿ ನಾವಿಬ್ಬರೂ ಒಪ್ಪಲ್ಲ ಅಂತಲೇ ಇಟ್ಕೊಳ್ಳೋಣ.

ಟೀಚರ್: ನನಗೆ ಬೇರೆ ಒಂದು ಹೇಳೋದಿದೆ ಸರ್. ಪಾರ್ಕಿನ ಪಕ್ಕ ಸಂಘದ ಭವನ ಇದೆಯಲ್ಲ. ಅದು ಯಾರ ಜಾಗ?

ಹಿರಿಯರು: ಸಿಎ ಸೈಟು. ನಾಗರಿಕ ಸೌಲಭ್ಯಕ್ಕೆ ಅಂತ ಬಿಡಿಎ ಬಿಟ್ಟ ನಿವೇಶನ. ಸಂಘ ಅದನ್ನ ಗುತ್ತಿಗೆಗೆ ತಗೊಂಡು ಸದಸ್ಯರ ಚಂದಾದಲ್ಲಿ ಹಾಲ್ ಕಟ್ಟಿಸಿತು.

ಟೀಚರ್: ನೆಲಮಹಡಿ. ಎದುರು ಒಂದು, ಹಿಂದೆ ಒಂದು, ಎರಡು ಬಾಗಿಲು. ಮುಂದೆ ವಾಹನ ನಿಲ್ಲೋಕೆ ಜಾಗ. ಶೌಚಾಲಯ ಇದೆ. ಮಕ್ಕಳು ಪಾರ್ಕಿನೊಳಗಿಂದಲೇ ನಡೆದು ಬರಬಹುದು. ನೀವು ಹೇಳಿದ ಐದೂ ಅಳತೆಗೆ ಅದು ಸರಿಹೋಗುತ್ತೆ. ಅದು ಯಾವಾಗ ತೆಗೆದಿರುತ್ತೆ ಸರ್? ಆಗಸ್ಟ್ 15, ರಾಜ್ಯೋತ್ಸವ, ವಾರ್ಷಿಕ ಮಹಾಸಭೆ. ಆಮೇಲೆ ಯಾರದಾದರೂ ನಾಮಕರಣ. ವಾರದ ದಿನಗಳಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಬೀಗ. ನಾಗರಿಕ ಸೌಲಭ್ಯ ಅಂದರೆ ಮಕ್ಕಳು ಅದರಲ್ಲಿ ಸೇರಲ್ವಾ?

ಹಿರಿಯರು: ಸೇರ್ತಾರೆ. ಆದರೆ ಕಷ್ಟ ಎಲ್ಲಿ ಅಂತ ಹೇಳ್ತೀನಿ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಆ ಜಾಗ ಬಳಸೋ ಹಾಗಿಲ್ಲ. ನಿಮ್ಮ ವ್ಯಾಪಾರಕ್ಕೆ ಅಂತ ಬಾಡಿಗೆಗೆ ಕೊಟ್ಟರೆ ಸಂಘದ ಗುತ್ತಿಗೆಗೇ ಸಂಚಕಾರ.

ಟೀಚರ್: ನನಗೆ ಬಾಡಿಗೆಗೆ ಕೊಡಬೇಡಿ. ಸಂಘವೇ ನಡೆಸಲಿ. ಬಡಾವಣೆಯ ಮಕ್ಕಳಿಗೆ ಸಂಜೆಯ ತರಗತಿ ಅಂತ ಸಂಘದ ಹೆಸರಲ್ಲೇ ಇರಲಿ. ಫೀಸು ಸಂಘ ನಿಗದಿ ಮಾಡಲಿ, ಕಟ್ಟೋಕಾಗದವರಿಗೆ ಬೇಡ. ನನಗೆ ಕಲಿಸಿದ್ದಕ್ಕೆ ಗೌರವಧನ ಕೊಡಿ. ಈಗ ಬರೋ ಆದಾಯಕ್ಕಿಂತ ಕಮ್ಮಿಯಾಗುತ್ತೆ, ಆದರೆ ಮಹಡಿ ಬಾಡಿಗೆ ಉಳಿಯುತ್ತೆ, ನೋಟಿಸಿನ ಭಯ ಹೋಗುತ್ತೆ. ಆ ಮೆಟ್ಟಿಲ ಮಾತು ನೀವು ಎತ್ತಿದ ಮೇಲೆ ನನಗೆ ಅಲ್ಲಿ ಕಲಿಸೋಕೆ ಮನಸ್ಸೂ ಬರಲ್ಲ.

ಹಿರಿಯರು: ಸರ್ಕಾರಿ ಶಾಲೆಯ ಕೋಣೆಗಳೂ ನಾಲ್ಕೂವರೆ ಮೇಲೆ ಖಾಲಿ ಇರ್ತವೆ. ಅದನ್ನೂ ಯೋಚಿಸಬಹುದಿತ್ತು.

ಟೀಚರ್: ಅದಕ್ಕೆ ಶಾಲಾಭಿವೃದ್ಧಿ ಸಮಿತಿ ಒಪ್ಪಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸು ಒಪ್ಪಬೇಕು. ಅದು ಆಗೋ ಹೊತ್ತಿಗೆ ಈ ಮಕ್ಕಳು ಹೈಸ್ಕೂಲು ಮುಗಿಸಿರ್ತಾರೆ. ಭವನದ ಕೀಲಿ ಕೈ ನಿಮ್ಮ ಸಂಘದ ಕಾರ್ಯದರ್ಶಿ ಹತ್ತಿರ ಇದೆ.

ಹಿರಿಯರು: ವಿರೋಧ ಬರುತ್ತಮ್ಮಾ. ಗೋಡೆಗೆ ಬಣ್ಣ ಬಳೀತಾರೆ, ಗಲಾಟೆ ಮಾಡ್ತಾರೆ, ಹೊರಗಿನ ಮಕ್ಕಳೂ ಬರ್ತಾರೆ ಅಂತಾರೆ.

ಟೀಚರ್: ಬರ್ಲಿ ಸರ್. ಮನೆಗೆಲಸದವರ ಮಗಳನ್ನ ಹೊರಗಿನವಳು ಅಂದರೆ ನಾನು ಆ ಸಭೆಯಲ್ಲೇ ಎದ್ದು ನಿಂತು ಕೇಳ್ತೀನಿ. ಅವಳ ಅಮ್ಮ ಅಲ್ಲಿ ಕೂತಿರೋ ಎಷ್ಟು ಜನರ ಮನೆ ಗುಡಿಸ್ತಾಳೆ ಅಂತ.

ಹಿರಿಯರು: ಕೇಳಿ. ನಾನೂ ನಿಮ್ಮ ಪಕ್ಕ ನಿಲ್ತೀನಿ. ಈ ತಿಂಗಳ ಸರ್ವಸದಸ್ಯರ ಸಭೆಗೆ ನಾನೇ ವಿಷಯ ಬರೆದು ಕೊಡ್ತೀನಿ. ವಾರದ ದಿನ ಸಂಜೆ ನಾಲ್ಕರಿಂದ ಏಳು, ಒಂದು ತಂಡಕ್ಕೆ ಹದಿನೈದು ಮಕ್ಕಳು, ಎರಡೂ ಬಾಗಿಲು ತೆರೆದಿರಬೇಕು, ಬೆಂಕಿ ನಂದಿಸೋ ಸಿಲಿಂಡರು ಸಂಘದ ಖರ್ಚಲ್ಲಿ. ನಿಮ್ಮ ಸಮಜಾಯಿಷಿಯನ್ನೂ ಇಬ್ಬರೂ ಕೂತು ಬರೆಯೋಣ. ಸ್ಥಳ ಬದಲಾಯಿಸ್ತಿದೀನಿ, ಅರವತ್ತು ದಿನ ಕಾಲಾವಕಾಶ ಕೊಡಿ ಅಂತ ಕೇಳಿ. ಅದರ ಜೊತೆಗೆ, ಮಕ್ಕಳ ತರಗತಿಗೆ ಬೇರೆ ಅಳತೆ ಬೇಕು ಅಂತ ಇನ್ನೊಂದು ಅರ್ಜಿ ನನ್ನ ಹೆಸರಿನಲ್ಲಿ ಹೋಗಲಿ, ನಗರ ಯೋಜನೆಯವರಿಗೆ. ಚುನಾವಣೆ ಬಂದಾಗ ಓಟು ಕೇಳೋಕೆ ಬರೋ ಪ್ರತಿಯೊಬ್ಬರ ಕೈಗೂ ಅದರ ಪ್ರತಿ ಕೊಡೋಣ.

ಟೀಚರ್: ಆ ಅರವತ್ತು ದಿನ ಮಹಡಿಯಲ್ಲೇ ನಡೆಸಲಾ?

ಹಿರಿಯರು: ಬೇಡ. ನಾಳೆಯಿಂದಲೇ ಬೇಡ. ನಿಮ್ಮ ಓನರಿಗೆ ಹೇಳಿ ಮೊದಲು ಸ್ಕೂಟರು ಚಾರ್ಜಿಂಗು ಬೇರೆ ಕಡೆಗೆ ಹಾಕಿಸಿ. ಸಭೆ ಆಗೋವರೆಗೆ ನಮ್ಮ ಮನೆ ಮುಂದಿನ ಪೋರ್ಟಿಕೋದಲ್ಲಿ ಕೂರಿಸಿ. ನಮ್ಮ ಕಾರು ರಸ್ತೆಯಲ್ಲಿ ನಿಲ್ಲುತ್ತೆ.

ಟೀಚರ್: ಅದಕ್ಕೂ ಯಾರಾದರೂ ದೂರು ಕೊಟ್ಟರೆ?

ಹಿರಿಯರು: ಕೊಡಲಿ. ನೋಟಿಸು ಈ ಸಲ ನನ್ನ ಹೆಸರಿಗೆ ಬರುತ್ತೆ. ಹದಿನೈದು ಮಕ್ಕಳು, ನೆಲಮಹಡಿ, ತೆರೆದ ಗೇಟು ಅಂತ ನಾನೇ ಉತ್ತರ ಬರೀತೀನಿ.